ಚೌಳು ಹೊಲಕ್ಕೆ ಒಂದು ಚೀಲ ಬೂಷ್ಟು

ಮೈಸೂರಿನಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಕಂಡಕ್ಟರ್ ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟು ಮುಂದೆ ಹೋದ. ನನ್ನ ಕೈಯಲ್ಲಿದ್ದದ್ದು ಒಂದು ಖಾಲಿ ಚೀಲ. ಯಳಂದೂರಿನ ಹತ್ತಿರದ ಹಳ್ಳಿಯಲ್ಲಿರುವ ತಂಗಿ ಗೌರಮ್ಮನ ಹೊಲಕ್ಕೆ ನಾನು ಬೂಷ್ಟು ಒಯ್ಯಬೇಕಿತ್ತು. ನಾಲೆಯ ಕೊನೆಯಲ್ಲಿರುವ ಆ ಎರಡು ಗುಂಟೆ ಅಪ್ಪ ಅವಳಿಗೆ ಕೊಟ್ಟದ್ದು. ನೀರು ನಿಂತು ನಿಂತು ಚೌಳಾಗಿದೆ, ಬಿಸಿಲು ಬಿದ್ದರೆ ಮೇಲೆ ಬೆಳ್ಳಗೆ ಉಪ್ಪು ಕಟ್ಟುತ್ತದೆ. ಈ ಸಲ ಮೆಣಸಿನಕಾಯಿ ಗಿಡ ನಿಲ್ಲದಿದ್ದರೆ ಮೇಲುಮಣ್ಣನ್ನು ಇಟ್ಟಿಗೆ ಗೂಡಿನವರಿಗೆ ಅಗೆಸಿಕೊಡುತ್ತೇನೆಂದು ಅವಳ ಗಂಡ ಶಿವಮಲ್ಲಪ್ಪ ಮಾತು ಕೊಟ್ಟುಬಿಟ್ಟಿದ್ದ. ಹೊಲ ಹೆಂಡತಿಯದು, ಮಾತು ಗಂಡನದು! ಕೇಳಿದ ದಿನದಿಂದ ನನ್ನ ಮೈ ಉರಿಯುತ್ತಿತ್ತು.

ಬೂಷ್ಟೆಂದರೆ ಎಲ್ಲವೂ ಕೆಟ್ಟದ್ದಲ್ಲ. ಬೇರಿನೊಳಗೆ ಸೇರಿ ಬದುಕುವ ಒಂದು ಜಾತಿಯಿದೆ. ಬೇರಿಗೆ ಎಟುಕದ ಕಡೆಗೆ ಸಣ್ಣ ಎಳೆಗಳನ್ನು ಚಾಚಿ ನೀರು, ರಂಜಕ ತಂದುಕೊಡುತ್ತದೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ಮಣ್ಣಿನ ಉಪ್ಪನ್ನು ಅದು ತೆಗೆಯುವುದಿಲ್ಲ, ಗಿಡಕ್ಕೆ ಉಪ್ಪನ್ನು ತಾಳಿಕೊಳ್ಳುವ ಶಕ್ತಿ ಕೊಡುತ್ತದೆ. ಕಾಲೇಜಿನಲ್ಲಿ ಇದನ್ನೇ ವರ್ಷಾನುಗಟ್ಟಲೆ ಪಾಠ ಮಾಡಿದವಳು ನಾನು.

ಕೊಳ್ಳೇಗಾಲದಲ್ಲಿ ಇಳಿದು, ಎರಡು ಇಡ್ಲಿ ತಿಂದು, ಗೊಬ್ಬರದ ಅಂಗಡಿಯೊಂದಕ್ಕೆ ಹೋದೆ. ನಾನು ಕೇಳಿದ ಬೂಷ್ಟಿನ ಪೊಟ್ಟಣಗಳು ಬಾಗಿಲಾಚೆ ಸುಡುಬಿಸಿಲಿನಲ್ಲಿ ಬಿದ್ದಿದ್ದವು. ಮುಟ್ಟಿದರೆ ಹಂಚಿನ ಹಾಗೆ ಕಾದಿದ್ದವು.

"ಇದು ಸತ್ತುಹೋಗಿದೆಯಲ್ರೀ!" ಎಂದೆ.

"ಪುಡಿ ಎಲ್ಲಾರ ಸಾಯ್ತದಾ ಮೇಡಂ?" ಎಂದು ಅಂಗಡಿಯವನು ನಕ್ಕ. "ಇದ್ರ ಜೊತೆ ಈ ಔಸ್ದಿನೂ ತಕಳಿ. ಪೈರ್ನ ಅದ್ದಿ ನೆಟ್ರೆ ಬೇರು ಕೊಳೆಯಾಕಿಲ್ಲ. ಎಲ್ರೂ ಜೊತೇಲೇ ಒಯ್ತಾರೆ."

ಆ ಔಷಧಿ ಬೂಷ್ಟು ಕೊಲ್ಲುವಂಥದ್ದು. ಜೀವವನ್ನೂ ಅದನ್ನು ಕೊಲ್ಲುವ ವಿಷವನ್ನೂ ಒಂದೇ ಕವರಿಗೆ ಹಾಕಿ ಮಾರುತ್ತಾನಲ್ಲ, ಇವನಿಗೆ ಏನೆನ್ನಬೇಕು? ಪೊಟ್ಟಣದ ಮೇಲಿನ ಬರಹವಾದರೂ ಕನ್ನಡದಲ್ಲಿದೆಯೇ ಎಂದು ನೋಡಿದೆ. ಸಾಸಿವೆಗಿಂತ ಸಣ್ಣ ಅಕ್ಷರ, ಅದೂ ಇಂಗ್ಲಿಷು. ಜಗಳವಾಡಿ ಬರಿಗೈಯಲ್ಲಿ ಹೊರಬಂದೆ. ಜೀವ ಇರುವ ಬೂಷ್ಟು ಬೇಕೆಂದರೆ ಇನ್ನು ಹನೂರಿನ ಸೆಲ್ವಿಯೇ ಗತಿ.

ಹನೂರಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಾಚೆ ನರ್ಸರಿ ಇಟ್ಟಿರುವ ಅವಳು ನನಗೆ ಹಳೆಯ ಪರಿಚಯ, ಮಾರ್ಟಳ್ಳಿ ಎಂಬ ಊರಿನ ಕಡೆಯವಳು. ಕುಂಡಗಳಲ್ಲಿ ಮುಸುಕಿನ ಜೋಳ ಬೆಳೆದು, ಅದರ ಬೇರಿನಲ್ಲೇ ಈ ಬೂಷ್ಟನ್ನು ಸಾಕುತ್ತಾಳೆ. ಬೇರು ಕತ್ತರಿಸಿ, ಕುಂಡದ ಮಣ್ಣಿನ ಜೊತೆ ಕಲಸಿ ನನ್ನ ಚೀಲ ತುಂಬಿಸಿದಳು.

"ಬಿಸ್ಲಿಗೆ ಇಕ್ಬೇಡಿ ಅಕ್ಕಾ. ನೆಡೋ ಗುಳಿಯೊಳ್ಗೆ ಒಂದೊಂದಿಡಿ ಆಕಿ, ಬೇರಿಗೆ ತಾಕೋ ಅಂಗೆ. ಔಸ್ದಿ ಮಾತ್ರ ಸೋಕುಸ್ಬೇಡಿ," ಎಂದಳು.

ಚೀಲಕ್ಕೆ ಒದ್ದೆ ಟವೆಲು ಸುತ್ತಿ, ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಯಳಂದೂರಿಗೆ ಬಂದೆ. ಅಲ್ಲಿಂದ ಆಟೋ. ಮೆಣಸಿನ ಪೈರು ನೆಡುವುದು ಬಿಸಿಲು ಇಳಿದ ಮೇಲೆ, ಹಾಗಾಗಿ ಸಮಯಕ್ಕೆ ಬಂದೆನೆಂದುಕೊಂಡೆ. ಹೊಲದ ಬದುವಿನಲ್ಲಿ ಶಿವಮಲ್ಲಪ್ಪ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅರ್ಧ ಪೈರನ್ನು ಆಗಲೇ ಔಷಧಿ ನೀರಿಗೆ ಅದ್ದಿ, ಕಟ್ಟು ಕಟ್ಟಿ ಸಾಲಾಗಿ ಇಟ್ಟಿದ್ದ.

"ಅಯ್ಯೋ ಪುಣ್ಯಾತ್ಮ, ಏನು ಮಾಡಿದೆಯೋ! ಫೋನಿನಲ್ಲಿ ಬೇಡ ಅಂತ ಹೇಳಲಿಲ್ಲವಾ?"

"ಅದ್ದ್‌ದೆ ಯಾರಕ್ಕಾ ನೆಡ್ತಾರೆ? ನಮ್ಮಪ್ಪನ ಕಾಲ್ದಿಂದ್ಲೂ ಅದ್ದೇ ನೆಡೋದು. ನಾಳೆ ಬೇರು ಕೊಳ್ತ್ರೆ ನನ್ನೇ ಅನ್ನಾಕಿಲ್ವಾ?"

ಬಾಯಿಗೆ ಬಂದ ಹಾಗೆ ಬೈದೆ. ಅಂಗಡಿಯವನ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು. ಬದುವಿನ ಮೇಲೆ ನಿಂತಿದ್ದ ಗೌರಮ್ಮ ಮಾತ್ರ ಬೈಯಲಿಲ್ಲ. ಉಳಿದ ಪೈರಿನ ಬುಟ್ಟಿಯನ್ನು ಎತ್ತಿ ತನ್ನ ಸೊಂಟಕ್ಕೆ ಇಟ್ಟುಕೊಂಡಳು. ಹೊಲದ ನಡುವೆ ಹಾರೆಯಲ್ಲಿ ಗೆರೆ ಎಳೆದಳು.

"ಆ ಕಡೆ ನಿಂದು, ಈ ಕಡೆ ನಂದು. ನೀ ಅದ್ದಿರೋದ್ನ ನೀನೇ ನೆಡು. ಯಾವ್ ಕಡೆ ಪೈರು ಒಣಗ್ತದೋ ಆ ಕಡೆ ಮಣ್ಣು ಗೂಡಿಗೆ ಓಗ್ಲಿ. ಇನ್ನೊಂದ್ ಕಡೆ ಮಣ್ಣು ಯಾರೂ ಮುಟ್ಟಂಗಿಲ್ಲ. ಒಪ್ಕಂಡ್ಯಾ?"

ಗಂಡ ಒಪ್ಪಿ ತಲೆಯಾಡಿಸಿದ. ನಾನು ಗುಳಿಗಳೊಳಗೆ ಸೆಲ್ವಿಯ ಮಣ್ಣನ್ನು ಹಿಡಿ ಹಿಡಿ ಹಾಕುತ್ತ ಹೋದೆ, ಅವಳು ನೆಡುತ್ತ ಬಂದಳು. ಗೆಲ್ಲುತ್ತದೆಂದು ನಾನು ಭರವಸೆ ಕೊಡಲಿಲ್ಲ. ಆ ನೆಲದಲ್ಲಿ ಎಷ್ಟು ಉಪ್ಪಿದೆಯೋ ಯಾರಿಗೆ ಗೊತ್ತು? ಚೀಲದ ತಳದಲ್ಲಿ ಮಿಕ್ಕಿದ್ದನ್ನು ಅವಳಿಗೇ ಬಿಟ್ಟೆ.

ಸಂಜೆಯ ಬಸ್ಸಿಗೆ ಹೊರಟ ಆಟೋ ನಾಲೆಯ ಸೇತುವೆ ದಾಟುವಾಗ ತಿರುಗಿ ನೋಡಿದೆ. ಗೌರಮ್ಮ ತನ್ನ ಸಾಲಿಗೆ ನೀರು ಹಾಕುತ್ತಿದ್ದಳು. ಶಿವಮಲ್ಲಪ್ಪ ಸೇತುವೆಯ ಪಕ್ಕದಲ್ಲೇ ನಾಲೆಯೊಳಗೆ ಮೊಣಕಾಲುದ್ದ ಇಳಿದು, ಅವಳಿಗೆ ಬೆನ್ನು ಹಾಕಿ, ತಾನು ಅದ್ದಿದ್ದ ಪೈರಿನ ಬೇರುಗಳನ್ನು ಒಂದೊಂದೇ ತೊಳೆಯುತ್ತಿದ್ದ.

ನನ್ನನ್ನು ಕಂಡು ಕೈ ಎತ್ತಿ ಆಟೋ ನಿಲ್ಲಿಸಿ, ಅವಳಿಗೆ ಕೇಳದ ಹಾಗೆ ದನಿ ತಗ್ಗಿಸಿ ಕೇಳಿದ: "ಅಕ್ಕಾ, ಆ ಮಣ್ಣು ಒಂದಿಡಿ ಏನಾರ ಮಿಕ್ಕದಾ?"

"ನಿನ್ನ ಹೆಂಡತಿಯನ್ನು ಕೇಳು," ಎಂದೆ.