ಬಾಗಿಲ ಮುಂದಿನ ಬೂಟು

ಮಂಚದ ಮೇಲೆ ಮಲಗದೆ ಮಂಚದ ಕೆಳಗೆ ಮಲಗುವ ನರ್ಸ್ ಒಬ್ಬಳಿದ್ದಾಳೆ ಎಂದು ಇಸ್ತ್ರಿಯವಳು ಹೇಳಿದ ದಿನ ಮೂಲೆಮನೆ ಅಜ್ಜಿ ನಕ್ಕಿದ್ದಳು. ಆಮೇಲೆ ವಿಷಯ ತಿಳಿಯಿತು. ಹುಡುಗಿಗೆ ರಾತ್ರಿ ಪಾಳಿ. ಒಂದೇ ಕೋಣೆಯಲ್ಲಿ ನಾಲ್ವರು. ಇವಳು ಬೆಳಿಗ್ಗೆ ಬಂದು ಕಣ್ಣು ಮುಚ್ಚುವ ಹೊತ್ತಿಗೇ ಒಬ್ಬಳು ಮಿಕ್ಸಿ ತಿರುಗಿಸಬೇಕು, ಇನ್ನೊಬ್ಬಳು ಫೋನಿನಲ್ಲಿ ಜಗಳವಾಡಬೇಕು. ಕತ್ತಲು ಅಂತ ಸಿಗುತ್ತಿದ್ದುದು ಮಂಚದಡಿ ಮಾತ್ರ. ಒಂಟಿ ಹುಡುಗಿಗೆ ಕೋಣೆ ಕೊಡುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಅಜ್ಜಿಯ ಮಹಡಿ ಕೋಣೆ ಖಾಲಿ ಬಿದ್ದಿತ್ತು. ಕರೆಸಿ ಕೊಟ್ಟಳು. ಹುಡುಗಿ ಮೊದಲ ದಿನ ಸಂಜೆಯವರೆಗೆ ಸತ್ತಂತೆ ನಿದ್ದೆ ಮಾಡಿ, ಎದ್ದು ಬಂದು, "ಅಜ್ಜಿ, ಮಂಚದ ಮೇಲೆ ಮಲಗಿದ್ದೆ" ಎಂದಳು, ಬಹುಮಾನ ಗೆದ್ದವಳ ಹಾಗೆ. ಒಬ್ಬಳೇ ಇದ್ದಾಳೆಂದು ಪೋಲಿಗಳಿಗೆ ಗೊತ್ತಾಗದಿರಲಿ ಎಂದು ಅಜ್ಜಿ, ತೀರಿಹೋದ ಗಂಡನ ಕರಿ ಬೂಟುಗಳನ್ನು ತಾನೇ ಒರೆಸಿ ಅವಳ ಬಾಗಿಲ ಮುಂದೆ ಇಟ್ಟಳು.

ಪೋಲಿಗಳು ಬರಲಿಲ್ಲ, ಮರ್ಯಾದಸ್ಥರು ಬಂದರು, ಅಜ್ಜಿಯ ಮೈದುನನನ್ನು ಮುಂದಿಟ್ಟುಕೊಂಡು. ಮನೆಯಲ್ಲಿ ಅವನಿಗೂ ಅರ್ಧ ಪಾಲಿತ್ತು. ಹುಡುಗಿ ಮಹಡಿಯಲ್ಲಿ ಯಾವನನ್ನೋ ಇಟ್ಟುಕೊಂಡಿದ್ದಾಳೆ, ಬೂಟು ಕಣ್ಣಾರೆ ಕಂಡಿದ್ದೇವೆ ಎಂದರು. ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು.

"ಕೆಲಸಕ್ಕೆ ಸೇರಿದ ಮೊದಲನೇ ದಿನ ಇದೇ ಬೂಟು ಕೇಳಿ ಹಾಕ್ಕೊಂಡು ಹೋದೋನು ನೀನು. ಅಣ್ಣನ ಬೂಟು ಗುರುತು ಸಿಗಲಿಲ್ವೇನೋ?"

ಅವನ ಮುಖ ಹುಳ್ಳಗಾಯಿತು. ಆದರೂ ಪಟ್ಟು ಬಿಡಲಿಲ್ಲ. "ನನಗೆ ಗೊತ್ತಾಯ್ತು ಅತ್ತಿಗೆ, ಬೀದಿಗೆ ಗೊತ್ತಾಗುತ್ತಾ? ಇನ್ನೂ ಮೂವರನ್ನ ಸೇರಿಸ್ಕೊಳ್ಳಲಿ, ಇರಲಿ. ಒಬ್ಬಳೇ ಬೇಡ."

ನಾಲ್ವರು ಕಿತ್ತಾಡಿಕೊಂಡು ನಿದ್ದೆಗೆಟ್ಟರೆ ಮರ್ಯಾದೆ, ಒಬ್ಬಳು ಸುಮ್ಮನೆ ಮಲಗಿದರೆ ಅನುಮಾನ! ಗಂಡಸಿಲ್ಲದಿದ್ದರೆ ಯಾಕಿಲ್ಲ, ಇದ್ದರೆ ಯಾಕಿದ್ದಾನೆ. ಇದೇ ಬೀದಿಯ ಕಾಯಿಲೆಯವರ ತಲೆದೆಸೆಯಲ್ಲಿ ಅವಳು ರಾತ್ರಿಯೆಲ್ಲ ಒಬ್ಬಳೇ ಕೂತರೆ ಯಾರಿಗೂ ಅಡ್ಡಿಯಿಲ್ಲ. ಅಜ್ಜಿಯೂ ವರ್ಷಗಳಿಂದ ಒಂಟಿಯೇ. ಅದನ್ನು ಯಾರೂ ಕೇಳಲಿಲ್ಲ, ಹಲ್ಲು ಬಿದ್ದವಳೆಂದೋ ಏನೋ. ಇದನ್ನೆಲ್ಲ ಅಜ್ಜಿ ಅಂಗಳದಲ್ಲಿ ನಿಂತು ಬೀದಿಗೇ ಕೇಳುವ ಹಾಗೆ ಹೇಳಿದಳು. ಕಿಟಕಿಗಳು ಮುಚ್ಚಿಕೊಂಡವು, ಅಷ್ಟೆ. ಅರ್ಧ ಪಾಲಿನವನು ಮಹಡಿಗೆ ಹೊಸ ಬೀಗ ತಂದ.

ಹುಡುಗಿ ಜಗಳಕ್ಕೆ ನಿಲ್ಲಲಿಲ್ಲ. ಐವರಿರುವ ಕೋಣೆಯೊಂದು ಸಿಕ್ಕಿತ್ತು. ಮಂಚದ ಕೆಳಗೆ ಜಾಗ ಇದೆಯಾ ಎಂದು ಮೊದಲು ಅದನ್ನೇ ಬಗ್ಗಿ ನೋಡಿ ಬಂದಿದ್ದಳಂತೆ. ಹೋಗುವಾಗ ಬೂಟುಗಳನ್ನು ಒರೆಸಿ, ಕೆಳಗಿಳಿದು ಬಂದು, ಅಜ್ಜಿಯ ಹೊಸ್ತಿಲ ಪಕ್ಕ ಜೋಡಿಸಿಟ್ಟಳು.

"ಇಲ್ಲೇ ಇರಲಿ ಅಜ್ಜಿ, ನೀವೂ ಒಬ್ರೇ ಅಲ್ವಾ. ಯಾರದು ಅಂತ ಕೇಳಿದ್ರೆ ಮಾತ್ರ ಹೇಳ್ಬೇಡಿ, ಆಯ್ತಾ?"