ಭೂಪಾಲಣ್ಣನ ಸಂಜೆಯ ಶೌರ್ಯ

ನಿಪ್ಪಾಣಿಯ ಭೂಪಾಲ ಮಗದುಮ್ ದಾಳ ಎತ್ತಿದರೆ ನಕ್ಷತ್ರಗಳೇ ದಾರಿ ಬಿಡುತ್ತವೆ. ಬಟ್ಟೆ ಅಂಗಡಿಯ ಈ ಜೈನ ಶ್ರಾವಕ ವಾರವಿಡೀ ಇರುವೆಯನ್ನೂ ತುಳಿಯುವುದಿಲ್ಲ. ಭಾನುವಾರ ಮಾತ್ರ ಗೆಳೆಯರೊಡನೆ ಮೇಜಿನ ಮೇಲೆ ಬೆರಳುದ್ದದ ಆಕಾಶನೌಕೆಗಳನ್ನು ಹರಡಿಕೊಂಡು, ದಾಳ ಎಸೆದು ಗ್ರಹಗಳನ್ನೇ ಸುಡುತ್ತಾನೆ. ಸಂಜೆಯಾದಂತೆ ಅವನ ಶೌರ್ಯ ಉಕ್ಕುತ್ತದೆ. ಹಿಮ್ಮೆಟ್ಟುವ ಮಾತೇ ಇಲ್ಲ.

ಮೊನ್ನೆ ಅವನಿಗೆ ಒಂದೇ ನೌಕೆ ಉಳಿದಿತ್ತು, ಎದುರಾಳಿ ಶಿವರಾಜನಿಗೆ ನಾಲ್ಕು. ಎರಡು ವರ್ಷಗಳಿಂದ ಬರೀ ಸೋಲುತ್ತಿದ್ದ ಶಿವರಾಜ ಮೇಜಿನತ್ತ ಬಗ್ಗಿದ. ನಿಯಮದ ಪ್ರಕಾರ ಭೂಪಾಲ ಓಡಿಹೋಗಿ ನೌಕೆ ರಿಪೇರಿ ಮಾಡಿಕೊಳ್ಳಬಹುದು. ಇಲ್ಲವೇ ಡಿಕ್ಕಿ ಹೊಡೆಯಬಹುದು: ಎರಡು ದಾಳಗಳಲ್ಲೂ ಆರು ಬಿದ್ದರೆ ವೈರಿ ಪಡೆ ಭಸ್ಮ, ಇಲ್ಲದಿದ್ದರೆ ತಾನೇ ಭಸ್ಮ.

"ಸುಮ್ನ ಓಡ್ರಿ ಅಣ್ಣಾ, ಹುಚ್ಚಾಟ ಬ್ಯಾಡ್ರಿ," ಎಂದ ಶಿವರಾಜ.

ಭೂಪಾಲ ಕಿಟಕಿಯಾಚೆ ಕೆಂಪಾದ ಸೂರ್ಯನನ್ನು ದಿಟ್ಟಿಸಿ ದಾಳ ಎಸೆದ. ಆರು, ಮತ್ತೆ ಆರು!

ಶಿವರಾಜ ಕೈಮುಗಿದ. "ಸೂರ್ಯಾನ್ನ ನೋಡಿ ಏನ್ ಮಂತ್ರ ಅಂದ್ರಿ? ಖರೇ ಹೇಳ್ರಿ."

"ಎಲ್ಲೀ ಮಂತ್ರೋ ತಮ್ಮಾ! ಹೊತ್ತು ಮುಳುಗಿದ ಮ್ಯಾಲ ನಾವು ಉಣ್ಣಂಗಿಲ್ಲ. ರಿಪೇರಿಗೆ ಅರ್ಧಾ ತಾಸು ಹೋಗತೈತಿ. ಸೋತರೂ ಚಿಂತಿಲ್ಲ, ಲಗೂನ ಆಟ ಮುಗೀಲಿ ಅಂತ ಒಗದೆ. ಸರಿ, ನನ್ ಚಪ್ಪಲಿ ಎಲ್ಲೈತಿ ನೋಡು."