ತಾರೀಕಿನ ಕಾಲಮ್ ತುಂಬಿದ ದಿನ

"ನಮ್ಮ ಮನಿಯವರು ಯಾವತ್ತು ತೀರಿಕೊಂಡಾರಂತ ಬಂದೈತ್ರಿ?" ಶರಣವ್ವ ನನ್ನ ಲ್ಯಾಪ್‌ಟಾಪಿನತ್ತ ಬಾಗಿ ಕೇಳಿದರು. ಮಾದಾಪುರದಲ್ಲಿ ಕಟ್ಟಡ ಕೆಲಸಗಾರರ ನೋಂದಣಿ ನಡೆದಿತ್ತು; ತೀರಿಕೊಂಡ ಕೆಲಸಗಾರರ ವಿವರವನ್ನೂ ನಾನು ತುಂಬಿಕೊಳ್ಳುತ್ತಿದ್ದೆ. ಕೂಲಿಗೆಂದು ಹೋದ ಅವರ ಗಂಡನ ಹೆಣ ಸಿಕ್ಕಿದ್ದು ಎಷ್ಟೋ ದಿನಗಳ ನಂತರ. ತೀರಿಕೊಂಡದ್ದು ಜುಲೈನಲ್ಲಿ ಎಂಬುದಷ್ಟೇ ಗೊತ್ತು. ನಾನೇ ಮಾಡಿದ ಡೇಟಾಬೇಸಿನ ತಾರೀಕಿನ ಕಾಲಮ್ ದಿನವಿಲ್ಲದ ತಿಂಗಳನ್ನು ಒಪ್ಪುವುದಿಲ್ಲ, ತಾನೇ ಒಂದನೇ ತಾರೀಕು ಹಾಕಿಕೊಳ್ಳುತ್ತದೆ.

"ಜುಲೈ ಒಂದು ಅಂತ ಬಂದೈತ್ರಿ," ಎಂದೆ.

"ಚಲೋ ಆತ್ರಿ. ಅವರಿಗೆ ಎಡಿ ಯಾವತ್ತ ಇಡಬೇಕಂತ ತಿಳೀವಲ್ದಾಗಿತ್ತು. ಇನ್ನ ವರ್ಷಾ ಅವತ್ತ ಇಡ್ತೀನ್ರಿ."

ಅದು ಕಂಪ್ಯೂಟರ್ ತುಂಬಿದ ದಿನ ಎನ್ನದೆ ಸೇವ್ ಒತ್ತಿದೆ.

ಬರೀ ತಿಂಗಳು, ವರ್ಷ ಗೊತ್ತಿದ್ದರೂ ಸಾಕು ಎನ್ನುವಂತೆ ಆ ಕಾಲಮನ್ನು ಆಮೇಲೆ ಬದಲಿಸಿದೆ. ಸುಳ್ಳು ದಿನಗಳನ್ನೆಲ್ಲ ಅಳಿಸಿದೆ. ಶರಣವ್ವನ ಗಂಡನ ಜುಲೈ ಒಂದನ್ನು ಮಾತ್ರ ಮುಟ್ಟಲಿಲ್ಲ.